ಟ್ಯಾಬ್‌ನಲ್ಲಿ ಬೊಂಬೆ, ಅಂಗಾಲಲ್ಲಿ ಇರುವೆ

"ಮಕ್ಕಳು ಸುಮ್ನೆ ಒತ್ತುತ್ತವೆ ಸಿಸ್ಟರ್, ಅದನ್ನು ನಂಬಿ ಔಷಧಿ ಬದಲಾಯಿಸೋಕಾಗುತ್ತಾ?" ನಮ್ಮ ಕ್ಯಾನ್ಸರ್ ವಾರ್ಡಿನ ಮಕ್ಕಳು ತಮ್ಮ ನೋವು, ತೊಂದರೆಗಳನ್ನು ತಾವೇ ಗುರುತಿಸಿ ತೋರಿಸಲಿ ಅಂತ ನಾನು ಸಿದ್ಧಮಾಡಿದ ಟ್ಯಾಬ್ ನೋಡಿ ಹಿರಿಯ ಡಾಕ್ಟರೊಬ್ಬರು ಹೇಳಿದ್ದು. ಈಗ ರೌಂಡ್ಸಿಗೆ ಬಂದರೆ ಅವರೇ ಮೊದಲು "ನಿನ್ನೆಯ ಬೊಂಬೆ ತೋರಿಸಿ" ಅನ್ನುತ್ತಾರೆ.

ಮೊದಲ ಸುತ್ತಿನಲ್ಲಿ ಅವರ ಮಾತೇ ನಿಜವಾಯಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ತೊಂದರೆ ಕೇಳುವ ಎಸ್‌ಎಸ್‌ಪೀಡಿ ಎಂಬ ಪ್ರಶ್ನಾವಳಿಯ 15 ಲಕ್ಷಣಗಳನ್ನು ಹಾಗೇ ಟ್ಯಾಬ್‌ಗೆ ಇಳಿಸಿದ್ದೆ. ಅದು 8ರಿಂದ 18 ವರ್ಷದವರಿಗೆ ಮಾಡಿದ್ದು. ನಾನು 5 ವರ್ಷದವರ ಕೈಗೂ ಕೊಟ್ಟೆ. ನಾಲ್ಕನೇ ಪ್ರಶ್ನೆ ಬರುವಷ್ಟರಲ್ಲಿ ಬೆರಳು ನಗುವ ಮುಖದ ಮೇಲೇ ಕೂತಿರುತ್ತಿತ್ತು. ಆ ನಗು-ಅಳುವಿನ ಮುಖಗಳೂ ನನ್ನ ದಡ್ಡತನವೇ. ನೋವಿದ್ದರೂ ಅಳದ ಮಗು ಅಳುವ ಮುಖವನ್ನು ಯಾಕೆ ಮುಟ್ಟುತ್ತದೆ? 2001ರಲ್ಲಿ ಪರಿಷ್ಕರಿಸಿದ ಆರು ಮುಖಗಳ ನೋವಿನ ಅಳತೆಗೆ ಬದಲಾಯಿಸಿದೆ. ಅದರಲ್ಲಿ ನಗುವೂ ಇಲ್ಲ, ಕಣ್ಣೀರೂ ಇಲ್ಲ.

ಆಮೇಲೆ ದುಡ್ಡು ಕಳೆದ ಕಥೆ. ಮಕ್ಕಳಿಂದ ಲಕ್ಷಣ ಕೇಳಲು ಬೇರೆಯವರು ಮಾಡಿದ ಆಟದಂಥ ಆ್ಯಪ್‌ಗಳಿವೆ. ಸಿಸೊಮ್‌ನಲ್ಲಿ ಮಗು ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ. ಪೇನ್ ಸ್ಕ್ವಾಡ್‌ನಲ್ಲಿ ಪೊಲೀಸ್ ಆಗಿ ಬಡ್ತಿ ಪಡೆಯುತ್ತದೆ. ನೋಡಿ ನನಗೂ ಆಸೆಯಾಯಿತು. ಸಿಕ್ಕ ಹಣದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹಾರುವ ಆನೆಯ ಅನಿಮೇಶನ್‌ಗೆ ಹೋಯಿತು. ಒಂದು ಸಲ ಉತ್ತರ ತುಂಬಿದರೆ ಮಗುವಿಗೆ ಒಂದು ನಕ್ಷತ್ರ. ಮೂರೇ ದಿನದಲ್ಲಿ ನಕ್ಷತ್ರಕ್ಕಾಗಿ ಹೊಟ್ಟೆನೋವು ಶುರುವಾಯಿತು! ಆನೆ ಈಗಲೂ ಯಾವುದೋ ಹಳೇ ಫೋಲ್ಡರಿನಲ್ಲಿ ಹಾರುತ್ತಿದೆ.

ಗೆದ್ದದ್ದು ತೀರಾ ಸಾದಾ ಉಪಾಯ. ಪರದೆ ಮೇಲೆ ಒಂದು ಬೊಂಬೆ, ಪಕ್ಕದಲ್ಲಿ ಇರುವೆ, ಬೆಂಕಿ, ಮುಳ್ಳು, ಕಲ್ಲು. ಎಳೆದು ಬೇಕಾದ ಕಡೆ ಬಿಟ್ಟರಾಯಿತು. ನರಗಳಿಗೆ ಪೆಟ್ಟು ಕೊಡಬಲ್ಲ ಕ್ಯಾನ್ಸರ್ ಔಷಧಿ ವಿನ್‌ಕ್ರಿಸ್ಟಿನ್ ಪಡೆಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು "ನೋವಿದೆಯಾ?" ಅಂದರೆ ದಿನವೂ ಇಲ್ಲ ಅನ್ನುತ್ತಿದ್ದಳು. ಬೊಂಬೆ ಕೊಟ್ಟ ದಿನ ಎರಡೂ ಅಂಗಾಲಿಗೆ ಇರುವೆ ಸುರಿದಳು, ದವಡೆಗೊಂದು ಕಲ್ಲು ಇಟ್ಟಳು. ಜೋಮು ಅಂದರೆ ಅವಳ ಪಾಲಿಗೆ ನೋವಲ್ಲ, ಅಲ್ವಾ? ಡಾಕ್ಟರು ಅವಳನ್ನು ಹಿಮ್ಮಡಿಯ ಮೇಲೆ ನಡೆಸಿದರು. ಬಲಗಾಲಿನ ಮುಂಭಾಗ ಮೇಲೇಳಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ಟ್ಯಾಬ್ ನೋಡಿದೆ.

ನಡುವೆ ಧ್ವನಿ ರೆಕಾರ್ಡಿಂಗ್ ಕೂಡ ಮಾಡಿ ನೋಡಿದೆ. ಬಾಯಿ ತುಂಬ ಹುಣ್ಣಾದ ಮಗು ಮಾತಾಡುವುದಿಲ್ಲ ಅನ್ನುವುದು ಇಷ್ಟು ವರ್ಷ ವಾರ್ಡಿನಲ್ಲಿದ್ದ ನನಗೇ ಹೊಳೆಯಲಿಲ್ಲ ನೋಡಿ. ಸ್ಪಿರಿಟ್‌ನಲ್ಲಿ ಒರೆಸಿ ಒರೆಸಿ ಎರಡು ಟ್ಯಾಬ್‌ಗಳ ಪರದೆ ಹಾಳಾಯಿತು. ಈಗ ಕವರ್ ಹಾಕುತ್ತೇನೆ. ಬಲಗೈಗೆ ಐವಿ ಇದ್ದಾಗ ಎಡಗೈಯಲ್ಲೂ ಎಳೆಯುವಷ್ಟು ಚಿತ್ರಗಳನ್ನು ದೊಡ್ಡದು ಮಾಡಿದ್ದೇನೆ.

ಮಗು ಇರುವೆ ಬಿಟ್ಟ ಮೇಲೆ ಆ ದಿನವೇ ಯಾರಾದರೂ ಹೋಗಿ ಅದರ ಕಾಲು ಮುಟ್ಟಿ ನೋಡಬೇಕು. ಇಲ್ಲದಿದ್ದರೆ ಮರುದಿನ ಬೊಂಬೆ ಖಾಲಿ. ಅಮ್ಮ ಪಕ್ಕದಲ್ಲಿದ್ದರೂ ಕಷ್ಟ; ಅವರ ಮುಖ ನೋಡಿಕೊಂಡು ಬೆಂಕಿಯನ್ನು ವಾಪಸ್ ಇಡುತ್ತವೆ. ಅಮ್ಮಂದಿರನ್ನು ಐದು ನಿಮಿಷ ಹೊರಗೆ ಕಳಿಸಲು ನಾನು ಹೇಳುವ ನೆಪವನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಓದುತ್ತಾರೆ.

ಇಲ್ಲಿಯವರೆಗೆ ಸುಮಾರು 40 ಮಕ್ಕಳು ಬಳಸಿರಬಹುದು. ಏಳೆಂಟು ಮಂದಿ ಮುಟ್ಟಲೇ ಇಲ್ಲ. ಅವರಲ್ಲೊಬ್ಬನಿಗೆ ಕಾಗದದ ಮೇಲೆ ಅದೇ ಬೊಂಬೆ ಬರೆದು ಬಣ್ಣದ ಪೆನ್ಸಿಲ್ ಕೊಟ್ಟೆ. ಹೊಟ್ಟೆಯ ಜಾಗದಲ್ಲಿ ಕಾಗದ ಹರಿಯುವಷ್ಟು ಗೀಚಿದ.