ಕೈ ಎಲ್ಲಿಡಲಿ?

ನನ್ನ ಬದುಕಿನಲ್ಲಿ ಬಂದುಹೋದ ಗಂಡಸರ ಚಿತ್ರ ಬರೆಯೋಣ ಅಂದುಕೊಂಡೆ. ಪಟ್ಟಿ ಉದ್ದ ಏನಲ್ಲ, ನಾಲ್ಕೇ ಜನ. ಒಬ್ಬನನ್ನು ಮದುವೆಯೂ ಆಗಿದ್ದೆ. "ಸೇಡು ತೀರಿಸ್ಕೊಳ್ತಿದ್ದೀಯಾ?" ಅಂತ ಅಕ್ಕ ಕೇಳಿದಳು. ಇಲ್ಲ ಅಂದೆ. ಮೊದಲ ಎರಡು ಚಿತ್ರ ನೋಡಿದರೆ ಅವಳು ಹೇಳಿದ್ದೇ ಸರಿ.

ಆ ಎರಡನ್ನು ಅವರನ್ನು ಕೇಳದೆ, ಮೊಬೈಲಿನಲ್ಲಿ ಉಳಿದಿದ್ದ ಸೆಲ್ಫಿ ನೋಡಿ ಬರೆದೆ. ಅಷ್ಟು ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದಪ್ಪ ಕಾಣುತ್ತದೆ, ಕಿವಿ ಹಿಂದಕ್ಕೆ ಸರಿಯುತ್ತದೆ. ಅದನ್ನೇ ನಂಬಿದೆ. ಮೇಲೆ ನನ್ನ ಸಿಟ್ಟು ಬೇರೆ. ಹುಬ್ಬು ಗಂಟಿಕ್ಕಿತು, ದವಡೆ ಬಿಗಿಯಾಯಿತು. ಕೊನೆಗೆ ಯಕ್ಷಗಾನದ ಬಣ್ಣದ ವೇಷವೇ ಎದ್ದು ಬಂತು.

ಗಂಡಸರನ್ನು ಎದುರಿಗೆ ಕೂರಿಸಿ ಹೆಂಗಸರು ಬರೆಯುವುದು ಹೊಸದಲ್ಲ. ಅಮೆರಿಕದ ಆಲಿಸ್ ನೀಲ್ 1933ರಲ್ಲೇ ಜೋ ಗೂಲ್ಡ್ ಎಂಬವನನ್ನು ಬೆತ್ತಲೆಯಾಗಿ ಬರೆದರು. ಸಿಲ್ವಿಯಾ ಸ್ಲೇ 1973ರಲ್ಲಿ ಟರ್ಕಿಶ್ ಸ್ನಾನದ ಚಿತ್ರ ಬರೆದು, ಹಳೇ ಚಿತ್ರಗಳಲ್ಲಿ ಬೆತ್ತಲೆ ಹೆಂಗಸರಿರುತ್ತಿದ್ದ ಜಾಗದಲ್ಲಿ ತಮ್ಮ ಗಂಡ ಮತ್ತು ಗೆಳೆಯರನ್ನು ಕೂರಿಸಿದರು. ನನಗೆ ಅಷ್ಟು ಧೈರ್ಯ ಇಲ್ಲ. ನನ್ನವರು ಅಂಗಿ ಹಾಕಿಕೊಂಡೇ ಕೂರಲಿ.

ಮೂರನೆಯವನಿಗೆ ಫೋನ್ ಮಾಡಿದೆ. ಮಾತಾಡಿ 7 ವರ್ಷವಾಗಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆ ಸ್ವಲ್ಪ ಕಮ್ಮಿ ಮಾಡ್ತೀಯಾ?" ಅಂದ. ಒಪ್ಪಿದ ಹಾಗೆ, ಅಲ್ವಾ?

20 ನಿಮಿಷ ಕೂರುವುದು, 5 ನಿಮಿಷ ಬಿಡುವು. ಎದ್ದು ಬಂದು ಮತ್ತೆ ಅದೇ ಜಾಗದಲ್ಲಿ ಕೂರಬೇಕಲ್ಲ, ಅದಕ್ಕೆ ಅವನ ಪಾದದ ಸುತ್ತ ನೆಲಕ್ಕೆ ಟೇಪ್ ಅಂಟಿಸಿದೆ. ತೊಂದರೆ ಕೊಟ್ಟಿದ್ದು ಕೈ. ಮೊದಲು ಎದೆಯ ಮೇಲೆ ಕಟ್ಟಿಕೊಂಡ. ಆಮೇಲೆ ಜೇಬಿಗಿಳಿಸಿದ. ಆಮೇಲೆ ತೊಡೆಯ ಮೇಲೆ ಮುಷ್ಟಿ ಮಾಡಿ ಇಟ್ಟ, ಹಳೇ ಸ್ಟುಡಿಯೋ ಫೋಟೋದಲ್ಲಿ ನಮ್ಮ ತಾತ ಕೂತ ಹಾಗೆ. ಕೊನೆಗೆ ಮೊಬೈಲ್ ತೆಗೆದ. ಕಿತ್ತುಕೊಂಡೆ. ಸುಮ್ನೆ ಕೂತು ಇನ್ನೊಬ್ಬರ ಕಣ್ಣಿಗೆ ಬೀಳುವುದು ಅವನಿಗೆ ಅಭ್ಯಾಸವೇ ಇರಲಿಲ್ಲ. ನನ್ನನ್ನು ಹೆಣ್ಣು ನೋಡೋಕೆ ಮೂರು ಮನೆಯವರು ಬಂದಿದ್ದರು. ಕೈ ಎಲ್ಲಿಡಬೇಕು ಅಂತ ನಾನು ಆಗಲೇ ಕಲಿತಿದ್ದೆ.

ಮೂರನೇ ದಿನ ಅವನು ಮೈಮರೆತು ಅಂಗೈ ಮೇಲಾಗಿ ಬಿಟ್ಟ. ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ. ಎರಡು ವರ್ಷ ಜೊತೆಗಿದ್ದರೂ ನಾನು ಅದನ್ನು ನೋಡಿರಲಿಲ್ಲ. ಅಮ್ಮನಿಗೆ ಹುಷಾರಿಲ್ಲದಾಗ ಅನ್ನ ಬಸಿಯಲು ಹೋಗಿ ಗಂಜಿ ಚೆಲ್ಲಿಕೊಂಡಿದ್ದನಂತೆ. "ಯಾವತ್ತೂ ಹೇಳಲೇ ಇಲ್ವಲ್ಲ?" "ನೀನು ನಗ್ತೀಯ ಅಂತ." ನಗುತ್ತಿದ್ದೆನೋ ಏನೋ.

ಮುಖಕ್ಕಿಂತ ಆ ಕೈಗೇ ಜಾಸ್ತಿ ದಿನ ಹಿಡಿಯಿತು. ಮುಖದಲ್ಲಿ ಕಷ್ಟವಾಗಿದ್ದು ಗಡ್ಡ ಬೋಳಿಸಿದ ಜಾಗ. ಹಣೆ ಹಳದಿ, ಕೆನ್ನೆ ಮತ್ತು ಮೂಗು ಕೆಂಪು, ಅದರ ಕೆಳಗೆ ಒಂದು ನೀಲಿ ಬೂದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಆ ಬೂದು ಸಿಗುತ್ತದೆ. ಒಂಚೂರು ಹೆಚ್ಚಾದರೆ ಸಿನಿಮಾದ ಕೇಡಿ, ಕಡಿಮೆಯಾದರೆ ಹಾಲುಗಲ್ಲದ ಹುಡುಗ. ಎರಡು ಸಲ ಬಟ್ಟೆಯಲ್ಲಿ ಒರೆಸಿ ಮತ್ತೆ ಹಚ್ಚಿದೆ.

ಮುಗಿದ ಮೇಲೆ ಬಂದು ನೋಡಿದ. ಹೊಟ್ಟೆಯ ಸುದ್ದಿ ಎತ್ತಲಿಲ್ಲ. "ನನ್ನ ಕೈ ಇಷ್ಟು ಸುಸ್ತಾಗಿದೆಯಾ?" ಅಂದ. ವಾರ್ನಿಷ್ ಹಚ್ಚಲು ಇನ್ನೂ 6 ತಿಂಗಳಾದರೂ ಕಾಯಬೇಕು. ಎಣ್ಣೆ ಬಣ್ಣ ಒಳಗಿನವರೆಗೂ ಒಣಗಬೇಕಲ್ಲ.

ನಾಲ್ಕನೆಯವನು, ನನ್ನ ಗಂಡನಾಗಿದ್ದವನು, ಬರಲ್ಲ ಅಂದ. ಅವನಿಗೆಂದು ಗೆಸ್ಸೋ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಲೇಪ, ಹಚ್ಚಿಟ್ಟ ಕ್ಯಾನ್ವಾಸ್ ಗೋಡೆಗೆ ಒರಗಿದೆ. ನೆನಪಿನಿಂದ ಬರೆಯಲು ಮನಸ್ಸಿಲ್ಲ. ಅಕ್ಕನ ಮಗನನ್ನು ಕೂರಿಸೋಣ ಅಂತಿದ್ದೇನೆ. ಅವನಿಗೆ ಈಗ 15, ಮೀಸೆ ಚಿಗುರುತ್ತಿದೆ.