ಕರಪತ್ರ ಬಿಟ್ಟೆ, ಮಾರ್ಕನ ಸುವಾರ್ತೆ ಹಿಡಿದೆ: ನನ್ನ ಅನುಭವ

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವರು ಈಚೆಗೆ ನನ್ನ ಜೊತೆ ಮಾರ್ಕನ ಸುವಾರ್ತೆ (ಯೇಸುವಿನ ಜೀವನ ಹೇಳುವ ಬೈಬಲ್ಲಿನ ಪುಸ್ತಕ) ಪೂರ್ತಿ ಓದಿ ಮುಗಿಸಿದರು. ಹೀಗೆ ಓದಿದವರಲ್ಲಿ ಅವರೇ ಮೊದಲಿಗರಲ್ಲ. ಶುರು ಮಾಡಿದಾಗ ನಮ್ಮ ಚರ್ಚಿನ ಸಭೆಯ ಹಿರಿಯರು ಕೆಲವರು, "ಇದು ಬರೀ ಸ್ನೇಹ, ಸುವಾರ್ತೆ ಸಾರುವುದು ಅಂದರೆ ಇದಲ್ಲ" ಎಂದಿದ್ದರು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನೂ ಎಲ್ಲರ ಹಾಗೆ ಮೊದಲು ಯೇಸುವಿನ ವಿಷಯದ ಕರಪತ್ರ ಹಂಚಿದವನೇ. ಎರಡು ಮೂರು ವರ್ಷದಲ್ಲಿ ಹೆಚ್ಚು ಕಡಿಮೆ ಒಂದು ತಿಂಗಳ ಸಂಬಳ ಪ್ರಿಂಟಿಂಗಿಗೇ ಹೋಗಿರಬೇಕು. ಓದಿ ಬಂದು ಮಾತಾಡಿಸಿದವರು ಒಬ್ಬರೋ ಇಬ್ಬರೋ. ಆಮೇಲೆ ದಿನಾ ವಾಟ್ಸಾಪ್ ಸ್ಟೇಟಸ್‌ಗೆ ಬೈಬಲ್ ವಚನ ಹಾಕಿದೆ. ಅದನ್ನು ನೋಡಿ 'ಆಮೆನ್' ಅಂದವರೆಲ್ಲ ಸಭೆಯವರೇ.

ಫಲ ಕೊಟ್ಟಿದ್ದು ಒಂದು ಸಣ್ಣ ಪ್ರಶ್ನೆ. ಯಾರಾದರೂ ಕಷ್ಟ ಹೇಳಿಕೊಂಡಾಗ, "ನಾನು ಇದಕ್ಕೆ ಪ್ರಾರ್ಥನೆ ಮಾಡಬಹುದಾ?" ಎಂದು ಕೇಳುತ್ತೇನೆ. ಬೇಡ ಅಂದರೆ ಅಲ್ಲಿಗೇ ಬಿಡುತ್ತೇನೆ. ಹೂಂ ಅಂದರೆ ಹೆಸರು, ವಿಷಯ, ತಾರೀಖು ಪುಟ್ಟ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ಕೇಳುವುದೇನೋ ಸುಲಭ. ನೆನಪಿಟ್ಟು ಮತ್ತೆ ವಿಚಾರಿಸುವುದು ಇದೆಯಲ್ಲ, ಅದೇ ಅರ್ಧ ಕೆಲಸ. ಪಕ್ಕದ ಸೀಟಿನವರ ತಾಯಿಗೆ ಆಪರೇಷನ್ ಇತ್ತು. ಮರುದಿನ ಬೆಳಿಗ್ಗೆಯೇ, "ಅಮ್ಮ ಹೇಗಿದ್ದಾರೆ?" ಎಂದು ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ನಿಜವಾಗ್ಲೂ ಪ್ರಾರ್ಥನೆ ಮಾಡಿದ್ರಾ? ಎಲ್ಲರೂ ಸುಮ್ನೆ ಹೇಳ್ತಾರೆ ಅಂದ್ಕೊಂಡಿದ್ದೆ" ಎಂದರು. ಅಲ್ಲಿಂದ ಮಾತು ತಾನಾಗಿಯೇ ಬೆಳೆಯಿತು. ಕೇಳಿದವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಲು ಸಿದ್ಧರಿರಿ ಅಂತ ಬೈಬಲ್ಲಿನ 1 ಪೇತ್ರ 3:15ರಲ್ಲಿ ಇದೆ ಅಲ್ವಾ? ಅವರು ಕೇಳುವ ತನಕ ಕಾಯುವುದಕ್ಕೆ ನನಗೆ ಆ ವಚನವೇ ಧೈರ್ಯ.

ಹಣದ ವಿಷಯಕ್ಕೆ ಬರುತ್ತೇನೆ. ಸಭೆಗೆ ಕೊಡುವ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಬಿಟ್ಟು, ಸಂಬಳದಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ಬೇರೆ ಎತ್ತಿಡುತ್ತೇನೆ. ಮೊದಮೊದಲು ಕಷ್ಟದಲ್ಲಿದ್ದವರಿಗೆ ಸಾಲ ಅಂತ ಕೊಡುತ್ತಿದ್ದೆ. ಅರ್ಧದಷ್ಟು ವಾಪಸ್ ಬರಲಿಲ್ಲ. ಅದಕ್ಕಿಂತ ಜಾಸ್ತಿ ನೋವಾಗಿದ್ದು, ತಗೊಂಡವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದ್ದು. ಈಗ ಸಾಲ ಕೊಡುವುದೇ ಇಲ್ಲ. ಆದಷ್ಟು ಸುಮ್ಮನೆ ಕೊಟ್ಟುಬಿಡುತ್ತೇನೆ. ಇನ್ನೊಂದು ಕಟ್ಟುನಿಟ್ಟು: ಹಣ ತಗೊಂಡವರ ಹತ್ತಿರ ಕೆಲವು ತಿಂಗಳು ನಾನಾಗಿ ನಂಬಿಕೆಯ ಮಾತು ಎತ್ತುವುದಿಲ್ಲ. ಋಣಕ್ಕೆ ಬಿದ್ದು ತಲೆಯಾಡಿಸುವವರು ನನಗೆ ಬೇಡ. ಯೇಸುವಿಗೂ ಅಂಥವರು ಬೇಡ ಅಂತ ನಾನು ನಂಬಿದ್ದೇನೆ.

ಓದುವ ಕ್ರಮ ಸರಳ. ಮಾರ್ಕನದು 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ವಾರಕ್ಕೊಮ್ಮೆ ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಅರ್ಧ ಅಧ್ಯಾಯ. ಅವರು ಓದುತ್ತಾರೆ, ನಾನು ಎರಡು ಪ್ರಶ್ನೆ ಕೇಳುತ್ತೇನೆ: ಇಲ್ಲಿ ಯೇಸು ಏನು ಮಾಡಿದ? ನಿಮಗೆ ಎಲ್ಲಿ ಒಪ್ಪಿಗೆ ಆಗಲಿಲ್ಲ? ಮೂರನೆಯದೂ ಒಂದಿದೆ. ಅದನ್ನು ಬರೆಯುವುದಿಲ್ಲ, ನನ್ನ ಜೊತೆ ಒಮ್ಮೆ ಕೂತರೆ ಗೊತ್ತಾಗುತ್ತದೆ. ಎರಡನೇ ಅಧ್ಯಾಯದಲ್ಲಿ ನಾಲ್ವರು ಛಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸುತ್ತಾರಲ್ಲ, ಅದನ್ನು ಓದಿ ಪಕ್ಕದ ಸೀಟಿನವರು, "ಅಂಥ ನಾಲ್ಕು ಜನ ನನಗಿಲ್ಲ" ಎಂದರು. ಆ ದಿನ ಮುಂದೆ ಓದಲಿಲ್ಲ, ಅವರ ಮಾತು ಕೇಳುತ್ತಾ ಕೂತೆ. ಒಂಬತ್ತನೇ ಅಧ್ಯಾಯದಲ್ಲಿ ಮಗನಿಗಾಗಿ ಬಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗುವ ಮಾತನ್ನು ಅವರೇ ಎರಡು ಸಲ ಓದಿದರು.

ನಡುವೆ ಗುಂಪಾಗಿ ಓದಿಸಿಯೂ ನೋಡಿದೆ. ಐದಾರು ಜನ ಸೇರಿದರೆ ವಾದ ಮಾಡುವವರು ಇಬ್ಬರು, ಉಳಿದವರು ಮೌನ. ಒಂದೆರಡು ತಿಂಗಳಲ್ಲೇ ನಿಂತಿತು. ಒಬ್ಬರ ಜೊತೆ ಒಬ್ಬರು ಕೂರುವುದೇ ಸರಿ, ಆಡಿಯೋ ಬೈಬಲ್ ಕಳಿಸಿದರೂ ಆ ಕೆಲಸ ಆಗುವುದಿಲ್ಲ.

ಮಾರ್ಕ ಮುಗಿದ ಮೇಲೆ ಏನು ಅಂತ ಅವರೇ ಕೇಳುತ್ತಾರೆ. ನಾನು ಲೂಕನ ಸುವಾರ್ತೆಯನ್ನು ಎತ್ತಿಕೊಳ್ಳುತ್ತೇನೆ. ಅದಾದ ಮೇಲೆ ಅಪೊಸ್ತಲರ ಕೃತ್ಯಗಳು, ಅಂದರೆ ಯೇಸುವಿನ ಶಿಷ್ಯರ ಕಥೆ. ಲೂಕನದರ ಮುಂದುವರಿಕೆಯೇ ಅದು, ಹಾಗಾಗಿ ಓದು ತುಂಡಾಗುವುದಿಲ್ಲ. ಪಕ್ಕದ ಸೀಟಿನವರು ಈಗ ಲೂಕ 4ರಲ್ಲಿದ್ದಾರೆ.