ಪುಕ್ಕಟೆ ಸಾಫ್ಟ್‌ವೇರ್ ಬರೆಯುವವರಿಗೆ ಸಂಬಳ ಯಾರು ಕೊಡ್ತಾರೆ? ಪತ್ತೆ ಮಾಡುವುದು ಹೀಗೆ

ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್, ದಿನಾ ತೆರೆಯುವ ಬ್ರೌಸರ್, ಯಾವುದೋ ಸರ್ವರ್‌ನ ಡೇಟಾಬೇಸ್. ಇವುಗಳಿಗೆ ನಾವು ಬಿಡಿಗಾಸೂ ಕೊಟ್ಟಿರುವುದಿಲ್ಲ. ಹಾಗಾದರೆ ಬರೆದವರ ಹೊಟ್ಟೆಪಾಡು? ‘ಎಲ್ಲ ಸೇವೆ ಅಂತ ಮಾಡ್ತಾರೆ’ ಅನ್ನುವುದು ಅರ್ಧ ನಿಜ. ಉಳಿದ ಅರ್ಧವನ್ನು ನೀವೇ ಹುಡುಕಬಹುದು. ಇಂಥವು ಹೆಚ್ಚಾಗಿ ಮುಕ್ತ ತಂತ್ರಾಂಶ, ಅಂದರೆ ಕೋಡನ್ನು (ಪ್ರೋಗ್ರಾಮಿನ ಬರಹವನ್ನು) ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದು. ಯಾವ ಸಾಲು ಯಾರು ಬರೆದರು ಎಂಬ ಲೆಕ್ಕ ಇಲ್ಲಿ ಬಯಲಲ್ಲೇ ಬಿದ್ದಿರುತ್ತದೆ.

ಮೊದಲು ಲೈಸೆನ್ಸ್ ಫೈಲ್, ಅಂದರೆ ಬಳಕೆಯ ಷರತ್ತು ಬರೆದಿಟ್ಟ ಕಡತ, ನೋಡಿ. ಕನ್ನಡದಲ್ಲಿ ಮುಕ್ತ ಬೇರೆ, ಪುಕ್ಕಟೆ ಬೇರೆ. ಇಂಗ್ಲಿಷಿನಲ್ಲಿ ಎರಡೂ ‘ಫ್ರೀ’. ಗೊಂದಲ ಶುರುವಾಗಿದ್ದೇ ಅಲ್ಲಿ. ಮುಕ್ತ ತಂತ್ರಾಂಶವನ್ನು ಮಾರಬಾರದು ಅಂತ ಯಾರೂ ಹೇಳಿಲ್ಲ. ಈ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ಕೋಡ್ ಬರೆಯಲು ಬಳಸುವ ಈಮ್ಯಾಕ್ಸ್ ಎಂಬ ಎಡಿಟರನ್ನು ಟೇಪಿಗೆ ತುಂಬಿ 150 ಡಾಲರಿಗೆ ಮಾರುತ್ತಿದ್ದರು. ಲೈಸೆನ್ಸ್ ಎರಡಿದ್ದರೆ ದುಡ್ಡಿನ ಮೂಲ ಹುಡುಕುವುದು ಇನ್ನೂ ಸುಲಭ: ಒಂದು ಎಲ್ಲರಿಗೂ ಪುಕ್ಕಟೆ, ಆದರೆ ಇದನ್ನು ಸೇರಿಸಿ ಹಂಚಿದರೆ ತಮ್ಮ ಕೋಡನ್ನೂ ಬಿಚ್ಚಿಡಬೇಕು; ಇನ್ನೊಂದು ತಮ್ಮ ಕೋಡ್ ಬಿಚ್ಚಿಡಲು ಒಪ್ಪದ ಕಂಪನಿಗಳಿಗೆ, ದುಡ್ಡಿಗೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಬೆಳೆದದ್ದು ಹೀಗೆ.

ಆಮೇಲೆ ಗಿಟ್ ಲಾಗ್, ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆ, ತೆರೆಯಿರಿ. ಪ್ರತಿ ಬದಲಾವಣೆಯ ಪಕ್ಕ ಬರೆದವರ ಇಮೇಲ್ ಇರುತ್ತದೆ. ‘ಆ್ಯಟ್’ ಚಿಹ್ನೆಯ ನಂತರದ ಭಾಗ ಓದಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಸಾಲುಸಾಲಾಗಿ ಸಿಗುತ್ತವೆ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಇಮೇಲ್ ಲಿನಕ್ಸ್ ಫೌಂಡೇಶನ್‌ನದು, ಸಂಬಳವೂ ಅಲ್ಲಿಂದಲೇ. ಜಿಮೇಲ್ ಕಂಡ ಕೂಡಲೇ ಬಿಟ್ಟಿ ಕೆಲಸ ಅಂದುಕೊಳ್ಳಬೇಡಿ, ಕಂಪನಿಯವರೂ ಸ್ವಂತ ವಿಳಾಸ ಬಳಸುತ್ತಾರೆ. ಆಗ ನಾನು ಗಡಿಯಾರ, ಅಂದರೆ ಬದಲಾವಣೆ ದಾಖಲಾದ ಹೊತ್ತು, ನೋಡುತ್ತೇನೆ. ಸೋಮವಾರದಿಂದ ಶುಕ್ರವಾರ, ಹಗಲು ಹೊತ್ತು ಅಂದರೆ ಬಹುಶಃ ನೌಕರಿ. ಭಾನುವಾರ ರಾತ್ರಿ ಎರಡು ಗಂಟೆ ಅಂದರೆ, ಪಾಪ, ಹವ್ಯಾಸವೇ ಇರಬೇಕು.

ಕರ್ನಲ್‌ನ ವಿಷಯದಲ್ಲಿ ಇಷ್ಟು ಪತ್ತೇದಾರಿಕೆಯೂ ಬೇಕಿಲ್ಲ. ‘ಮೇಂಟೇನರ್ಸ್’ ಎಂಬ ಫೈಲ್ ಒಂದಿದೆ. ಒಂದೊಂದು ಭಾಗದ ಎದುರಿಗೂ ಅದರ ಸ್ಥಿತಿ ಬರೆದಿರುತ್ತಾರೆ. ‘ಸಪೋರ್ಟೆಡ್’ ಅಂದರೆ ನೋಡಿಕೊಳ್ಳುವವರಿಗೆ ನಿಜಕ್ಕೂ ದುಡ್ಡು ಸಿಗುತ್ತಿದೆ. ‘ಮೇಂಟೇನ್ಡ್’ ಅಂದರೆ ನೋಡಿಕೊಳ್ಳುವವರು ಇದ್ದಾರೆ, ಅಷ್ಟೇ. ‘ಆಡ್ ಫಿಕ್ಸಸ್’ ಅಂದರೆ ಇದ್ದಾರೆ, ಆದರೆ ಜಾಸ್ತಿ ಪುರುಸೊತ್ತಿಲ್ಲ. ಕೊನೆಗೆ ‘ಆರ್ಫನ್’, ಅಕ್ಷರಶಃ ಅನಾಥ. ಸಂಬಳದ ಹಂಚಿಕೆಯನ್ನು ಇಷ್ಟು ಬಿಚ್ಚುಮನಸ್ಸಿನಿಂದ ಬರೆದಿಟ್ಟ ಕಡತ ನಾನು ಬೇರೆಲ್ಲೂ ನೋಡಿಲ್ಲ.

ಕಂಪನಿ ಸಿಕ್ಕಿತಾ? ಅದು ಬೇರೇನು ಮಾರುತ್ತದೆ ನೋಡಿ. ರೆಡ್ ಹ್ಯಾಟ್ ಮಾರುವುದು ಚಂದಾ ಮತ್ತು ಬೆಂಬಲ. ಅದನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಹೆಚ್ಚಿನ ಆದಾಯ ಬರುವುದು ಗೂಗಲ್‌ನಿಂದ, ಬ್ರೌಸರಿನಲ್ಲಿ ಗೂಗಲ್ ಹುಡುಕಾಟವನ್ನೇ ಮೊದಲ ಆಯ್ಕೆಯಾಗಿಡುವ ಒಪ್ಪಂದದ ಲೆಕ್ಕದಲ್ಲಿ. ಕ್ರೋಮ್ ಬ್ರೌಸರ್ ಮಾಡುವ ಎದುರಾಳಿಯೇ ಸಂಬಳ ಕೊಡೋದು, ವಿಚಿತ್ರ ಅಲ್ವಾ?

ಇನ್ನು ಎಷ್ಟು ಜನ ಕೆಲಸ ಮಾಡ್ತಾರೆ ಅಂತ ತಲೆ ಎಣಿಸಿ. ಇದನ್ನು ಮಾತ್ರ ಬಿಡಬೇಡಿ. ದೊಡ್ಡ ಹೆಸರುಗಳಿಗೆ ದುಡ್ಡು ಹೇಗೋ ಬರುತ್ತದೆ, ಬಾರದಿರುವುದು ಅವುಗಳ ಅಡಿಯಲ್ಲಿ ಕಾಣದಂತೆ ಕೂತ ಪುಟ್ಟ ಲೈಬ್ರರಿಗಳಿಗೆ, ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಕೋಡ್ ತುಣುಕುಗಳಿಗೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಹೊರಬಿದ್ದಾಗ, ಲೆಕ್ಕವಿಲ್ಲದಷ್ಟು ವೆಬ್‌ಸೈಟ್‌ಗಳ ಬೀಗವಾಗಿದ್ದ ಆ ಲೈಬ್ರರಿಗೆ ಪೂರ್ಣಾವಧಿ ಕೆಲಸಗಾರ ಇದ್ದದ್ದು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಧನವನ್ನಂತೂ ಒಬ್ಬರು ಸಂಬಳವಿಲ್ಲದೆ ನಡೆಸುತ್ತಿದ್ದರು. ‘ಸಹಾಯ ಮಾಡ್ತೀನಿ’ ಎಂದು ಬಂದ ಅಪರಿಚಿತ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಅದನ್ನು ಹಿಡಿದವರು ಆಂಡ್ರೆಸ್ ಫ್ರೊಯಿಂಡ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಎಂದು ಕೆದಕಿದ್ದರು. ಅವರು ಮೈಕ್ರೋಸಾಫ್ಟ್‌ನ ಸಂಬಳದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕೆಲಸ ಮಾಡುವವರು.

ನೀವು ಎಣಿಸಿದಾಗ ಒಂದೇ ತಲೆ, ಅದೂ ಭಾನುವಾರ ರಾತ್ರಿಯದು ಸಿಕ್ಕರೆ, ಪ್ರಾಜೆಕ್ಟ್ ಪುಟದಲ್ಲಿ ‘ಸ್ಪಾನ್ಸರ್’ ಗುಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಅವರಿಗೇ ಬರೆದು ಕೇಳಿ. ನಿಮ್ಮ ಕಂಪನಿ ಅದನ್ನು ಬಳಸುತ್ತಿದ್ದರೆ ದೇಣಿಗೆಗಿಂತ ಬೆಂಬಲದ ಒಪ್ಪಂದವೇ ವಾಸಿ. ಲೆಕ್ಕಪತ್ರ ವಿಭಾಗದವರಿಗೆ ಬಿಲ್ ಅರ್ಥವಾಗುತ್ತದೆ, ದೇಣಿಗೆ ಅರ್ಥವಾಗುವುದಿಲ್ಲ.